ತೋಟದ ಮನೆಗೆ ಅಂಚೆಯಲ್ಲಿ ಆರೋಗ್ಯ ಸಾಮಗ್ರಿ: ವಿಮೆಯ ಹೊರರೋಗಿ ಸೌಲಭ್ಯವನ್ನು ಬಳಸುವ ಕ್ರಮ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ ಇರುವುದು ಈಗ ಸಾಮಾನ್ಯವಾಗಿದೆ. ಸಕ್ಕರೆ ಪರೀಕ್ಷೆಯ ಸ್ಟ್ರಿಪ್ ಮುಗಿದರೆ ಪೇಟೆಗೇ ಬರಬೇಕು; ಮಳೆಗಾಲದಲ್ಲಿ ಬಸ್ಸಿನ ಖಾತ್ರಿಯೂ ಇರುವುದಿಲ್ಲ. ಮಕ್ಕಳ ಕಚೇರಿಯ ಗುಂಪು ವಿಮೆಯಲ್ಲಾಗಲಿ, ತಾವೇ ಮಾಡಿಸಿದ ಪಾಲಿಸಿಯಲ್ಲಾಗಲಿ ಹೊರರೋಗಿ ಸೌಲಭ್ಯ (ಆಸ್ಪತ್ರೆಗೆ ದಾಖಲಾಗದೆ ಮಾಡುವ ಆರೋಗ್ಯ ವೆಚ್ಚವನ್ನು ಭರಿಸುವ ಒಪಿಡಿ ಸೌಲಭ್ಯ) ಇದ್ದರೆ ಇಂಥ ಸಾಮಾನನ್ನು ಮನೆಗೇ ತರಿಸಿಕೊಳ್ಳಲು ಸಾಧ್ಯವಿದೆ. ಅಮ್ಮನಿಗಾಗಿ ಮೂರು ವರ್ಷಗಳಿಂದ ಹೀಗೆ ತರಿಸುತ್ತ ಬಂದ ಅನುಭವದಿಂದ ಅದರ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಲಿಸಿಯನ್ನು ಓದಬೇಕು. ಸಾಧಾರಣ ಆಸ್ಪತ್ರೆ ವಿಮೆ ಒಳರೋಗಿಯಾಗಿ ದಾಖಲಾದಾಗಿನ ವೆಚ್ಚಕ್ಕೆ ಮಾತ್ರ. ಹಾಗೆ ದಾಖಲಾದಾಗಲೂ ಡಯಾಪರ್, ಕ್ರೇಪ್ ಬ್ಯಾಂಡೇಜ್, ಥರ್ಮಾಮೀಟರ್, ನೆಬ್ಯುಲೈಸರ್ ಕಿಟ್, ಮೊಣಕಾಲು ಪಟ್ಟಿ ಮುಂತಾದವು ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ವಿಮೆಗೆ ಸೇರದ ವಸ್ತುಗಳೆಂದೇ ನಮೂದಾಗಿವೆ. ಆದ್ದರಿಂದ 'ನಮಗೆ ವಿಮೆ ಇದೆಯಲ್ಲ' ಎಂದು ಆರ್ಡರ್ ಹಾಕುವ ಮುನ್ನ ಹೊರರೋಗಿ ಸೌಲಭ್ಯದ ವಾರ್ಷಿಕ ಮೊತ್ತವೆಷ್ಟು, ಅದರಲ್ಲಿ ಯಾವ ಸಾಮಗ್ರಿ ಸೇರಿದೆ, ಚೀಟಿ ಬೇಡದ ವಸ್ತುವಿಗೂ ವೈದ್ಯರ ಚೀಟಿ ಕೇಳುತ್ತಾರೆಯೇ, ವಿಮೆಯವರು ಗೊತ್ತುಮಾಡಿದ ಔಷಧಿ ಅಂಗಡಿಯಿಂದಲೇ ತರಿಸಬೇಕೇ ಅಥವಾ ನಾವು ಕೊಂಡು ಬಿಲ್ ಕಳಿಸಿದರೆ ಹಣ ಮರಳಿ ಬರುತ್ತದೆಯೇ, ಈ ನಾಲ್ಕನ್ನೂ ಕೇಳಿ ಉತ್ತರವನ್ನು ಇ-ಮೇಲಿನಲ್ಲೇ ಪಡೆದಿಟ್ಟುಕೊಳ್ಳಬೇಕು. ಫೋನಿನಲ್ಲಿ ಕೊಟ್ಟ ಭರವಸೆ ಬಿಲ್ ತಿರಸ್ಕೃತವಾದ ದಿನ ನೆರವಿಗೆ ಬರುವುದಿಲ್ಲ.

ಚೀಟಿಯಿಲ್ಲದೆ ಕೊಳ್ಳಬಹುದಾದ ಔಷಧಿಗಳಿಗೆ ನಮ್ಮ ದೇಶದ ಕಾನೂನಿನಲ್ಲಿ ಪ್ರತ್ಯೇಕ ಪಟ್ಟಿಯೇ ಇಲ್ಲ. ಔಷಧಿಯ ಪೊಟ್ಟಣದ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದಕ್ಕೆ ವೈದ್ಯರ ಚೀಟಿ ಬೇಕೇ ಬೇಕು ಎಂದು ತಿಳಿದುಕೊಂಡರೆ ಸಾಕು. ಪ್ಯಾರಾಸಿಟಮಾಲ್, ನೋವಿನ ಮುಲಾಮಿನಂಥ ಅಗ್ಗದ ವಸ್ತುಗಳಿಗೆ ವಿಮೆಯ ಮೊತ್ತವನ್ನು ಕರಗಿಸಬಾರದೆಂಬುದು ನನ್ನ ಅಭಿಪ್ರಾಯ, ಅವನ್ನು ಜನೌಷಧಿ ಕೇಂದ್ರದಲ್ಲಿ ಕೊಂಡು, ಸ್ಟ್ರಿಪ್, ಡಯಾಪರ್, ಬಿ.ಪಿ. ಮಾಪಕದಂಥ ದುಬಾರಿ ಸಾಮಾನು ಹೊರರೋಗಿ ಸೌಲಭ್ಯದಲ್ಲಿ ಸೇರಿದ್ದರೆ ಅದಕ್ಕೆ ವಿಮೆಯನ್ನು ಉಳಿಸಿಕೊಳ್ಳುವುದು ಲೇಸು. ಓಆರ್‌ಎಸ್ ತರಿಸುವಾಗ ಪೊಟ್ಟಣದ ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ: 1 ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಎಂದಿದ್ದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು. ಹೆಸರಷ್ಟೇ ಹೋಲುವ ಸಿಹಿ ಪಾನೀಯ ಭೇದಿಯಾದವರಿಗೆ ಹಾನಿಯನ್ನೇ ಮಾಡೀತು.

ಆರ್ಡರ್ ಯಾವಾಗ ಹಾಕಬೇಕೆಂಬುದಕ್ಕೆ ಎರಡು ಗಡುವುಗಳಿವೆ. ಹೆಚ್ಚಿನ ಪಾಲಿಸಿಗಳಲ್ಲಿ ಬಳಸದೆ ಉಳಿದ ಹೊರರೋಗಿ ಮೊತ್ತ ಮುಂದಿನ ವರ್ಷಕ್ಕೆ ಸೇರುವುದಿಲ್ಲವಾದ್ದರಿಂದ, ಪಾಲಿಸಿ ಮುಗಿಯುವ ತಿಂಗಳಿಗೆ ಮುಂಚೆಯೇ ಉಳಿಕೆಯನ್ನು ನೋಡಬೇಕು. ಇನ್ನೊಂದು ಗಡುವು ಮಳೆಯದು. ಜೂನ್ ಹಿಡಿದ ಮೇಲೆ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟು ಹೋಗಿ ಟವರ್ ಸುಮ್ಮನಾಗುತ್ತದೆ. ನಾನು ಮೇ ತಿಂಗಳ ಎರಡನೆಯ ವಾರದೊಳಗೆ ಸೆಪ್ಟೆಂಬರ್‌ವರೆಗಿನ ಸಾಮಾನನ್ನು ಒಮ್ಮೆಗೇ ತರಿಸುತ್ತೇನೆ.

ವಿಳಾಸದಲ್ಲಿಯೇ ಹೆಚ್ಚಿನ ಪಾರ್ಸಲ್‌ಗಳು ದಾರಿ ತಪ್ಪುತ್ತವೆ. 577132 ಎಂಬ ಪಿನ್ ಕೋಡ್ ಹಾಕಿದೊಡನೆ ಮೂಡಿಗೆರೆಗೆ ತಲುಪಿಸುತ್ತೇವೆ ಎಂದು ಆ್ಯಪ್ ಒಪ್ಪಿಕೊಳ್ಳುತ್ತದೆ, ಆದರೆ ಖಾಸಗಿ ಕೊರಿಯರ್‌ನವರು ಪೇಟೆಯಾಚೆ ಬಾರದೆ ಇರಬಹುದು. ಅಂಚೆ ಇಲಾಖೆಯ ಮೂಲಕ ಕಳುಹಿಸುವ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಊರಿನ ಹೆಸರಿನ ಜೊತೆಗೆ ಶಾಖಾ ಅಂಚೆ ಕಚೇರಿ, ಹೋಬಳಿ, ತಾಲ್ಲೂಕುಗಳನ್ನು ಬರೆದು, ಹಾಲಿನ ಡೈರಿಯನ್ನೋ ಬಸ್ ತಂಗುದಾಣವನ್ನೋ ಗುರುತಾಗಿ ಕೊಡಬೇಕು. ಆ ಆಯ್ಕೆ ಇಲ್ಲದಿದ್ದರೆ ಪೇಟೆಯಲ್ಲಿ ಪರಿಚಯದ ಅಂಗಡಿಯವರನ್ನು ಮೊದಲೇ ಕೇಳಿಕೊಂಡು ಅವರ ವಿಳಾಸ ಹಾಕುವುದು ಉತ್ತಮ. ಒಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಬರುವುದಾದರೆ, 'ಪೊಟ್ಟಣ ನನ್ನ ಕೈಗೆ ಬಂತು' ಎಂದು ಅಮ್ಮ ಹೇಳಿದ ಮೇಲೆಯೇ ಅದನ್ನು ಓದಿ ಹೇಳಬೇಕು.

ಬಿಲ್ಲಿನಲ್ಲಿ ರೋಗಿಯ ಹೆಸರೇ ಇರಬೇಕು. ಆ್ಯಪ್‌ನಲ್ಲಿ ಖಾತೆ ನಮ್ಮದಿರುವುದರಿಂದ ಬಿಲ್ಲೂ ನಮ್ಮ ಹೆಸರಿಗೇ ಬಂದುಬಿಡುತ್ತದೆ, ಆಗ ಮರುಪಾವತಿ ನಿಲ್ಲುತ್ತದೆ. ಔಷಧಿಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಬಿಲ್ಲಿನಲ್ಲಿಯೂ ಪೊಟ್ಟಣದಲ್ಲಿಯೂ ಒಂದೇ ಇದೆಯೇ ಎಂದು ಹೋಲಿಸಿ ನೋಡಬೇಕು.

ಪೊಟ್ಟಣವನ್ನು ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡುವುದನ್ನು ಮರೆಯಬಾರದು. ಒಂದು ಆಷಾಢದಲ್ಲಿ ಕೊರಿಯರ್‌ನವರು ನಮ್ಮ ಪಾರ್ಸಲ್ಲನ್ನು ತೋಟದ ಗೇಟಿನ ಬಳಿ ಹಾಲಿನ ಕ್ಯಾನಿನ ಕಟ್ಟೆಯ ಮೇಲೆ ಇಟ್ಟುಹೋಗಿದ್ದರು. ಅಮ್ಮ ಸಂಜೆ ತಂದು ನೋಡುವಾಗ ರಟ್ಟು ನೆನೆದು ಮೆತ್ತಗಾಗಿತ್ತು, ಬಿ.ಪಿ. ಮಾಪಕದ ಪರದೆಯೊಳಗೆ ನೀರಿನ ಹನಿ ನಿಂತಿತ್ತು. ಬಿಚ್ಚುವಾಗಿನ ಚಿತ್ರ ನಮ್ಮಲ್ಲಿರಲಿಲ್ಲವಾದ್ದರಿಂದ ಮಾರಾಟಗಾರರು ಬದಲಿ ಕೊಡಲಿಲ್ಲ. ಮಾರಾಟಗಾರರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲಿನ ಹಣ ಕೊಡದ ವಿಮಾ ಕಂಪನಿಯ ವಿರುದ್ಧ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಬಂದ ಸ್ಟ್ರಿಪ್‌ಗಳನ್ನು ಮಲೆನಾಡಿನ ತೇವದಿಂದ ಕಾಪಾಡುವ ಕೆಲಸ ಇನ್ನೂ ಉಳಿದಿರುತ್ತದೆ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿಡುವುದಾಗಲಿ, ತಂಪಿರಲಿ ಎಂದು ಫ್ರಿಜ್ಜಿನಲ್ಲಿಡುವುದಾಗಲಿ ಸಲ್ಲದು. ಅವು ತಮ್ಮ ಸೀಸೆಯಲ್ಲೇ ಇರಬೇಕು. ಒಂದನ್ನು ತೆಗೆದೊಡನೆ ಮುಚ್ಚಳ ಹಾಕಿ, ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆಯೇ ಮಾರ್ಕರಿನಿಂದ ಬರೆದಿಡಬೇಕು. ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದು ಸೀಸೆಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಅಮ್ಮನಿಗೆ ಓದಿ ಹೇಳಿರಬೇಕು.