ಮೂರನೇ ಸೂಜಿ ಡಾಕ್ಟರು: ನನ್ನ ಅನುಭವ

ದಾವಣಗೆರೆಯಲ್ಲಿ 22 ವರ್ಷದಿಂದ ಟೈಲರಿಂಗ್ ಮಾಡುತ್ತಿದ್ದೇನೆ. ನಮ್ಮ ಕಸುಬಿಗೆ ಕುತ್ತಿಗೆ ನೋವು ಅಂದರೆ ಶರ್ಟಿನ ಜೊತೆ ಬರುವ ಎಕ್ಸ್‌ಟ್ರಾ ಗುಂಡಿ ಇದ್ದ ಹಾಗೆ. ಕಾಲರ್, ಟ್ರ್ಯಾಕ್ಷನ್, ಫಿಸಿಯೋ ಎಲ್ಲ ಮುಗಿಸಿದವರು ಮುಂದೆ ಓದಿ. ಆಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚುವ ಚಿಕಿತ್ಸೆ ಮಾಡಿಸುತ್ತೇನೆ ಅಂದಾಗ ನನ್ನ ಭಾವ, 'ಅಂಗಡೀಲಿ ದಿನಾ ಚುಚ್ಚಿಸ್ಕೊಳ್ಳೋದು ಸಾಲದಾ' ಎಂದು ನಕ್ಕಿದ್ದ.

ಮೊದಲನೆಯವರ ಹೆಸರಿನ ಮುಂದೆ ಡಾ. ಇತ್ತು, ಗೋಡೆ ತುಂಬ ಸರ್ಟಿಫಿಕೇಟು. ಹತ್ತು ಸಿಟ್ಟಿಂಗಿಗೆ ಐದೂವರೆ ಸಾವಿರ ಅಡ್ವಾನ್ಸ್ ಕಟ್ಟಿದೆ. ಮೂರನೇ ದಿನ ಮಲಗಿದ್ದಲ್ಲಿಂದಲೇ ಒಂದು ಸರ್ಟಿಫಿಕೇಟ್ ಓದಿದೆ, ಹತ್ತು ದಿನದ ಕೋರ್ಸು! ಅಷ್ಟರಲ್ಲಿ ಅವರು ಸ್ಟೀಲ್ ಡಬ್ಬಿಯಿಂದ ಸೂಜಿ ತೆಗೆದು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರು. ಒಂದರ ತುದಿ ಚೂರು ಬಾಗಿತ್ತು. ಅಂಥ ಸೂಜಿ ಮಷಿನ್‌ಗೆ ಹಾಕಿದರೆ ಬಟ್ಟೆಯೇ ನೂಲು ಎಳೆಯುತ್ತದೆ, ಇದು ಮೈ ಅಲ್ವಾ? ಎದ್ದು ಬಂದೆ. ಉಳಿದ ನಾಲ್ಕು ಸಾವಿರ ಚಿಲ್ಲರೆ ವಾಪಸ್ ಬರಲಿಲ್ಲ.

ಎರಡನೆಯವರು ಸಕ್ಕರೆ ಕಾಯಿಲೆಯಿಂದ ಕಿವುಡಿನ ತನಕ ಎಲ್ಲದಕ್ಕೂ ಗ್ಯಾರಂಟಿ ಕೊಡುತ್ತಿದ್ದರು. ಬಿಪಿ ಮಾತ್ರೆ ಬಿಡಿ ಅಂದರು. ಅವರನ್ನೇ ಬಿಟ್ಟೆ.

ಮಧ್ಯೆ ಯಾರೋ ಹೇಳಿದರೆಂದು ಹೆಬ್ಬೆರಳಿಗೆ ಟೇಪಿನಲ್ಲಿ ಮೆಂತ್ಯ ಕಾಳು ಅಂಟಿಸಿಕೊಂಡೆ. ಎರಡು ವಾರ. ನೋವು ಹಾಗೇ ಇತ್ತು, ಕತ್ತರಿ ಹಿಡಿಯೋದು ಮಾತ್ರ ಕಷ್ಟವಾಯಿತು.

ಆಮೇಲೆ ಬುದ್ಧಿ ಬಂತು. ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಪ್ರತ್ಯೇಕ ಪದ್ಧತಿ ಅಂತ ಒಪ್ಪಿದೆ, ಮಹಾರಾಷ್ಟ್ರದಲ್ಲಿ ಅದಕ್ಕೇ ಕಾಯ್ದೆ, ಕೌನ್ಸಿಲ್ ಇವೆ. ನಮ್ಮ ಕಡೆ ಹಾಗೆ ಪಟ್ಟಿ ತೆಗೆದು ಹೆಸರು ನೋಡುವ ಸುಖ ಇಲ್ಲ. ಅದಕ್ಕೇ ಮೊದಲು ಎಂಬಿಬಿಎಸ್ ಅಥವಾ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಡಾಕ್ಟರ್ ಪದವಿ) ಓದಿ, ಜೊತೆಗೆ ಸೂಜಿಯನ್ನೂ ಸರಿಯಾಗಿ ಕಲಿತವರನ್ನೇ ಹುಡುಕಿದೆ. ಬಿಎನ್‌ವೈಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಹತ್ತು ದಿನ ಅಲ್ಲ. ಏಳೆಂಟು ಜನಕ್ಕೆ ಫೋನ್ ಮಾಡಿ ರಿಜಿಸ್ಟ್ರೇಷನ್ ನಂಬರ್ ಕೇಳಿದೆ, ಕ್ಲಿನಿಕ್ಕಿಗೆ ಕೆಪಿಎಂಇ ಸರ್ಟಿಫಿಕೇಟ್, ಅಂದರೆ ಖಾಸಗಿ ಆಸ್ಪತ್ರೆ-ಕ್ಲಿನಿಕ್ಕುಗಳ ಸರ್ಕಾರಿ ನೋಂದಣಿ, ಇದೆಯಾ ಕೇಳಿದೆ. ನಾಲ್ಕು ಜನ ಕೇಳಿದ್ದಕ್ಕೇ ಸಿಟ್ಟಾದರು, ಪಟ್ಟಿ ಅರ್ಧ ಆಯಿತು. ಉಳಿದವರಿಗೆ ಹೆಗಲಿನ ಜಿಬಿ 21 ಅನ್ನುವ ಸೂಜಿ ಚುಚ್ಚುವ ಜಾಗಕ್ಕೆ ಎಷ್ಟು ಆಳ ಹಾಕುತ್ತೀರಿ ಅಂದೆ. ಅದರ ಕೆಳಗೇ ಶ್ವಾಸಕೋಶದ ತುದಿ ಇರೋದು. 'ಅದೆಲ್ಲ ನಿಮಗ್ಯಾಕೆ' ಅಂದವರು ಔಟ್. ಇನ್ನೆರಡು ಪ್ರಶ್ನೆ ಇವೆ, ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರೂ ಉತ್ತರ ಉರು ಹೊಡೆದುಕೊಳ್ಳುತ್ತಾರೆ.

ಕೊನೆಗೆ ಸಿಕ್ಕಿದ ಮೇಡಂ ಮೊದಲ ದಿನ ಸೂಜಿಯನ್ನೇ ಹಾಕಲಿಲ್ಲ. ಮುಕ್ಕಾಲು ಗಂಟೆ ಪ್ರಶ್ನೆ: ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಕೈ ಜೋಮು ಹಿಡಿಯುತ್ತಾ. ಕುತ್ತಿಗೆ ಎಕ್ಸ್‌ರೇ ತನ್ನಿ ಅಂದರು. ನನಗೆ ಒಳಗೊಳಗೇ ಖುಷಿ. ಎರಡನೇ ಭೇಟಿಯಲ್ಲಿ ಹೊಸ ಪ್ಯಾಕ್ ಎಕ್ಸ್‌ಪೈರಿ ತೋರಿಸಿ ನನ್ನೆದುರೇ ಹರಿದರು. ಕೂದಲಿನಷ್ಟು ಸಣ್ಣ ಸೂಜಿ, ನಮ್ಮ ಹನ್ನೊಂದನೇ ನಂಬರಿನದು ಅದರ ಮುಂದೆ ದಬ್ಬಳ. ಹಾಕುವಾಗ ಹದಿನಾಲ್ಕು ಎಣಿಸಿದರು, ತೆಗೆಯುವಾಗ ಹದಿಮೂರಕ್ಕೆ ನಿಂತು ಕಾಲರ್ ಸರಿಸಿ ಹುಡುಕಿದರು. ಸಿಕ್ಕಿತು. ಎಲ್ಲವೂ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಟಕ್ ಟಕ್ ಬಿದ್ದವು. ಅಡ್ವಾನ್ಸ್ ಇಲ್ಲ, ಸಲಕ್ಕೆ ನಾನೂರು. ಐದು ಸಲಕ್ಕೆ ಏನೂ ಆಗದಿದ್ದರೆ ನಿಲ್ಲಿಸೋಣ ಅಂದರು.

ಎಂಟು ಸಲ ಹೋದೆ. ಎಕ್ಸ್‌ರೇ ಸೇರಿ ಮೂರು ಮುಕ್ಕಾಲು ಸಾವಿರ ಆಗಿರಬಹುದು, ಮೊದಲನೆಯವರ ಹತ್ತಿರ ಮುಳುಗಿದ್ದಕ್ಕಿಂತ ಕಮ್ಮಿ. ನೋವು ಪೂರ್ತಿ ಹೋಯಿತು ಅನ್ನುವುದಿಲ್ಲ, ಮದುವೆ ಸೀಸನ್ನಿನಲ್ಲಿ ಸಂಜೆ ಹೊತ್ತಿಗೆ ಹಿಡಿಯುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತಿದೆ.

ಭಾವ ಸೋಮವಾರ ಹೋಗುತ್ತಾನಂತೆ, ಮಂಡಿ ನೋವಿಗೆ. ವಿಳಾಸ ಕೊಡುವ ಮುಂಚೆ ಎರಡು ದಿನ ಸುಮ್ನೆ ಸತಾಯಿಸಿದೆ.