ಅಂಡಾಶಯದ ಗಡ್ಡೆಗೆ ಎಂಆರ್‌ಐ: ಮಡಿಕೇರಿಯಲ್ಲಿ ನಾವು ಮಾಡಿದ್ದು

ನಮ್ಮದು ಸೆಕೆಂಡ್ ಹ್ಯಾಂಡ್ 1.5 ಟೆಸ್ಲಾ ಮಷೀನ್. ಹಾಕಿದ ಹೊಸತರಲ್ಲಿ "ಬೆನ್ನು, ಮಂಡಿ ನೋಡ್ಕೊಂಡಿರಿ ಡಾಕ್ಟ್ರೇ, ಅಂಡಾಶಯದ ಗಡ್ಡೆ ಮೈಸೂರಿನವರಿಗೆ ಬಿಡಿ" ಅಂದವರೇ ಜಾಸ್ತಿ. ಈಗ ಅಲ್ಟ್ರಾಸೌಂಡ್‌ನಲ್ಲಿ ತೀರ್ಮಾನವಾಗದ ಗಡ್ಡೆಗಳನ್ನು ಅವರೇ ನನಗೆ ಕಳಿಸುತ್ತಾರೆ.

ಮೊದಮೊದಲು ಹಣ ಹೋದದ್ದೇ ಹೋದದ್ದು. ಎಲ್ಲರಿಗೂ ಕಾಂಟ್ರಾಸ್ಟ್, ಅಂದರೆ ಚಿತ್ರದಲ್ಲಿ ಗಡ್ಡೆ ಎದ್ದು ಕಾಣಲು ನರಕ್ಕೆ ಕೊಡುವ ಇಂಜೆಕ್ಷನ್. ಒಂದು ವಯಲ್‌ಗೆ 2,000 ರೂಪಾಯಿ ಆಸುಪಾಸು. ಕಾಫಿ ತೋಟದ ಕೆಲಸದವರ ಹತ್ತಿರ ಅಷ್ಟು ಕೇಳುವುದು ಹೇಗೆ? ಎಷ್ಟೋ ಸಲ ನಾವೇ ಹಾಕಿಕೊಂಡೆವು. ಮಳೆಗಾಲದಲ್ಲಿ ಕರೆಂಟ್ ಹೋಗಿ ಚಿಲ್ಲರ್ ನಿಂತರೆ ಮ್ಯಾಗ್ನೆಟ್ ತಂಪಾಗಿಡುವ ಹೀಲಿಯಂ ಆವಿಯಾಗುವ ಭಯ ಬೇರೆ. ಜುಲೈ ತಿಂಗಳ ಡೀಸೆಲ್ ಬಿಲ್ ಮಾತ್ರ ಯಾರಿಗೂ ತೋರಿಸಬಾರದು.

ಚಿತ್ರವೂ ಕೈಕೊಡುತ್ತಿತ್ತು. ಕರುಳು ಅಲುಗಿ ಟಿ2 (ನೀರು ಬೆಳ್ಳಗೆ ಕಾಣುವ ಚಿತ್ರ) ಪೂರ್ತಿ ಮಸುಕು. 4 ಗಂಟೆ ಉಪವಾಸ, ಸ್ಕ್ಯಾನ್‌ಗೆ ಮುಂಚೆ ಕರುಳಿನ ಅಲುಗಾಟ ತಡೆಯುವ ಬಸ್ಕೋಪಾನ್, ಹೊಟ್ಟೆಯ ಮುಂಭಾಗಕ್ಕೆ ಅಲ್ಲಿನ ಸಿಗ್ನಲ್ ಅಡಗಿಸುವ ಸ್ಯಾಚುರೇಷನ್ ಬ್ಯಾಂಡ್. ಅಷ್ಟಕ್ಕೇ ಮುಕ್ಕಾಲು ಪಾಲು ಸರಿಹೋಯಿತು. ಬ್ಯಾಂಡ್ ಎಷ್ಟು ಓರೆ ಇಡಬೇಕು ಅನ್ನೋದು ನಮ್ಮ ಟೆಕ್ನಿಷಿಯನ್ ಹುಡುಗನ ಗುಟ್ಟು, ಇಲ್ಲಿ ಬರೆಯಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಪಿತ್ತನಾಳ ನೋಡುವ ಎಂಆರ್‌ಐಗೆ ಎಂಆರ್‌ಸಿಪಿ ಅನ್ನುತ್ತೇವೆ. ಎಂಆರ್‌ಸಿಪಿಗೆ ಅನಾನಸ್ ರಸ ಕುಡಿಸುತ್ತೇವಲ್ಲ, ಅದರ ಮ್ಯಾಂಗನೀಸ್‌ನಿಂದ ಜಠರದ ನೀರು ಟಿ2ನಲ್ಲಿ ಕಪ್ಪಾಗುತ್ತದೆ. ಕಿಬ್ಬೊಟ್ಟೆಯ ಕರುಳಿಗೂ ನಡೆಯುತ್ತಾ ನೋಡೋಣ ಅಂತ ತರಿಸಿದೆ. ಏನೂ ಆಗಲಿಲ್ಲ. ಉಳಿದ ರಸ ಸ್ಟಾಫ್ ಕುಡಿದರು.

ದೊಡ್ಡ ತಲೆನೋವು ಸ್ಟಿರ್ ಅನ್ನುವ ಸ್ಕ್ಯಾನ್ ವಿಧಾನ. ಡರ್ಮಾಯ್ಡ್ ಅಂದರೆ ಕೊಬ್ಬಿರುವ ಗಡ್ಡೆ, ಚಾಕೊಲೇಟ್ ಸಿಸ್ಟ್ ಅಂದರೆ ಹಳೇ ರಕ್ತ ತುಂಬಿದ್ದು; ಟಿ1 ಚಿತ್ರದಲ್ಲಿ ಎರಡೂ ಬೆಳ್ಳಗೆ, ಕೊಬ್ಬು ಅಳಿಸಿದರೆ ಬೇರೆಯಾಗಬೇಕು. ಕೊಬ್ಬು ಅಳಿಸಲು ಅದೇ ಸಾಕು ಅಂತ ಮಷೀನ್ ಕೊಟ್ಟವರು ಹೇಳಿದ್ದರು. ಆದರೆ ಚಾಕೊಲೇಟ್ ಸಿಸ್ಟ್‌ನ ಹಳೇ ರಕ್ತದ ಟಿ1 ಸಮಯ (ಸ್ಟಿರ್ ಅಳಿಸುವುದು ಅದನ್ನೇ ನೋಡಿ) ಕೊಬ್ಬಿನ ಹತ್ತಿರವೇ ಇರಬಹುದು. ಸ್ಟಿರ್‌ನಲ್ಲಿ ಅದೂ ಕಪ್ಪಾಗಿ ಡರ್ಮಾಯ್ಡ್ ಥರ ಕಾಣುತ್ತದೆ. ಕೊಬ್ಬಿನ ಸಿಗ್ನಲ್ ಮಾತ್ರ ಅಳಿಸುವ ಟಿ1 ಫ್ಯಾಟ್‌ಸ್ಯಾಟ್‌ಗೆ ಬಂದ ಮೇಲೆ ಜಗಳ ಮುಗಿಯಿತು. ಕಪ್ಪಾದರೆ ಡರ್ಮಾಯ್ಡ್, ಬೆಳ್ಳಗೇ ಉಳಿದರೆ ರಕ್ತ. ಜೊತೆಗೆ ಟಿ2ನಲ್ಲಿ ಮಬ್ಬು ಶೇಡಿಂಗ್ ಇದ್ದರೆ ಎಂಡೊಮೆಟ್ರಿಯೋಮಾ (ಚಾಕೊಲೇಟ್ ಸಿಸ್ಟ್‌ಗೇ ಇನ್ನೊಂದು ಹೆಸರು) ಅಂತ ಧೈರ್ಯವಾಗಿ ಬರೆಯುತ್ತೇನೆ. ವಿರಾಜಪೇಟೆ ಕಡೆಯ ಒಬ್ಬರಿಗೆ ಅಂಡಾಶಯದ ಕ್ಯಾನ್ಸರ್ ಸಂಶಯಕ್ಕೆ ನೋಡುವ ರಕ್ತಪರೀಕ್ಷೆ ಸಿಎ-125 ಏರಿತ್ತು, ಮನೆಯವರು ಕ್ಯಾನ್ಸರ್ ಅಂತಲೇ ಕೂತಿದ್ದರು. ಎಂಡೊಮೆಟ್ರಿಯೋಸಿಸ್‌ನಲ್ಲೂ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ, ಚಾಕೊಲೇಟ್ ಸಿಸ್ಟ್ ಅದರದ್ದೇ) ಅದು ಏರುತ್ತದೆ ಅಲ್ವಾ. ಆಪರೇಷನ್‌ನಲ್ಲಿ ಸಿಕ್ಕಿದ್ದು ಚಾಕೊಲೇಟ್ ಸಿಸ್ಟೇ.

ಗಟ್ಟಿ ಭಾಗ ಟಿ2ನಲ್ಲೂ ನೀರಿನ ಅಣುಗಳ ಚಲನೆ ತೋರಿಸುವ ಹೈ ಬಿ ಡಿಫ್ಯೂಷನ್‌ನಲ್ಲೂ ಕಪ್ಪಗಿದ್ದರೆ ಫೈಬ್ರೋಮಾ ಥರದ ನಾರುಗಡ್ಡೆ, ಕ್ಯಾನ್ಸರ್ ಅಪಾಯ ಅಳೆಯುವ ಓ-ರ್ಯಾಡ್ಸ್ ಅಂಕ 2. ಅಲ್ಲಿ ಕಾಂಟ್ರಾಸ್ಟ್ ಹಾಕದೆ ಹಣ ಉಳಿಸುತ್ತೇನೆ. ಬೇರೆ ಥರದ ಗಟ್ಟಿ ಭಾಗಕ್ಕೆ ಮಾತ್ರ ಕೈ ಬಿಗಿ ಹಿಡಿಯಲ್ಲ, ಡೈನಾಮಿಕ್, ಅಂದರೆ ಕಾಂಟ್ರಾಸ್ಟ್ ಕೊಡುತ್ತಲೇ ಮತ್ತೆ ಮತ್ತೆ ಚಿತ್ರ ತೆಗೆಯುವುದು, ಆಗಲೇಬೇಕು. ಆ ಭಾಗದಲ್ಲಿ ಕಾಂಟ್ರಾಸ್ಟ್ ಏರುವ ಕರ್ವ್ ಗರ್ಭಕೋಶದ ಸ್ನಾಯುವಿನದ್ದಕ್ಕಿಂತ ಕಡಿದಾಗಿ ಏರಿದರೆ ಓ-ರ್ಯಾಡ್ಸ್ 5, ಅಪಾಯ ಅತಿ ಹೆಚ್ಚು. ಅಂಥವರನ್ನು ಇಲ್ಲಿ ಕೊಯ್ಯಲು ಬಿಡುವುದಿಲ್ಲ, ನೇರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ.

ಈಗ ಒಂದು ಕೇಸ್‌ಗೆ ಸುಮಾರು 25 ನಿಮಿಷ. ಕಾಂಟ್ರಾಸ್ಟ್ ಮೂವರಲ್ಲಿ ಒಬ್ಬರಿಗೆ ಬಿದ್ದರೆ ಹೆಚ್ಚು.