24 ಗಂಟೇಲಿ 1,000 ಮೈಲಿ: ಬೈಕು ಕೈಕೊಡಲ್ಲ, ಬಿಲ್ ಕೈಕೊಡುತ್ತೆ

ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿದ್ರೂ ಮೈಸೂರಿನ ಬೈಕ್ ಹುಚ್ಚು ಮಾತ್ರ ಇಳಿದಿಲ್ಲ. ಈಗ ಹುಡುಗರಿಗೆ ಹಿಡಿದಿರೋದು ಅಮೆರಿಕದ ಐರನ್ ಬಟ್ ಅಸೋಸಿಯೇಷನ್ನಿನ ಸ್ಯಾಡಲ್‌ಸೋರ್ 1000. ಅಂದ್ರೆ 24 ಗಂಟೆ ಒಳಗೆ 1,000 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 1,610 ಕಿಲೋಮೀಟರ್. ಇದು ರೇಸಲ್ಲ, ಯಾರ ಜೊತೇನೂ ಪೈಪೋಟಿ ಇಲ್ಲ, ಓಡಿಸಿದ್ದಕ್ಕೆ ದಾಖಲೆ ಕಳಿಸಿದ್ರೆ ಪರಿಶೀಲಿಸಿ ಸರ್ಟಿಫಿಕೇಟ್ ಕೊಡ್ತಾರೆ. ಇದೇ ಸಂಸ್ಥೆಯ ಬನ್ ಬರ್ನರ್ 1500 ಅನ್ನೋದ್ರಲ್ಲಿ 36 ಗಂಟೇಲಿ 1,500 ಮೈಲಿ, ಅದರ ಮಾತು ಈಗ ಬೇಡ. ಮೊದಲನೇದೇ ಎಷ್ಟೋ ಜನಕ್ಕೆ ದಕ್ಕಲ್ಲ, ಅದೂ ಪೂರ್ತಿ ದೂರ ಓಡಿಸಿ ಬಂದಮೇಲೆ ಬಿಲ್ ಸರಿಯಿಲ್ದೆ ದಕ್ಕಲ್ಲ, ಅದನ್ನ ನೋಡಿ ನೋಡಿ ಬೇಜಾರಾಗಿ ಇದನ್ನ ಬರೀತಿರೋದು.

1. ಮೊದ್ಲು ಲೆಕ್ಕ, ಆಮೇಲೆ ಬೈಕು

ನಾಲ್ಕು ಪಥದ ಹೈವೇಲಿ ಬೈಕಿಗಿರೋ ವೇಗದ ಮಿತಿ ಗಂಟೆಗೆ 80. ಊರು, ಹಂಪು, ಡೈವರ್ಷನ್ ಎಲ್ಲಾ ಸೇರಿ ಓಡ್ತಿರೋವಾಗಿನ ಸರಾಸರಿ 75 ಸಿಕ್ರೆ ಅದೇ ದೊಡ್ಡದು. 1,610ನ್ನ 75ರಿಂದ ಭಾಗಿಸಿ, ಇಪ್ಪತ್ತೊಂದೂವರೆ ಗಂಟೆ ಬರುತ್ತೆ. ಉಳಿಯೋದು ಎರಡೂವರೆ ಗಂಟೆ. ಪೆಟ್ರೋಲು, ಊಟ, ಬಾತ್‌ರೂಮು, ನಿದ್ದೆ ಎಲ್ಲಾ ಅಷ್ಟರಲ್ಲೇ ಮುಗೀಬೇಕು. ನಮ್ಮವರು ಏನ್ ಮಾಡ್ತಾರೆ ಅಂದ್ರೆ ಹಾವೇರೀಲಿ ನಲವತ್ತೈದು ನಿಮಿಷ ಟಿಫಿನ್ನು, ಬೆಳಗಾವೀಲಿ ಟೀ, ನಡುವೆ ರೀಲ್ಸು, ಆಮೇಲೆ ಆ ಟೈಮನ್ನ 120ರಲ್ಲಿ ಓಡಿಸಿ ಎತ್ತೋಕೆ ನೋಡೋದು. ಎತ್ತೋಕಾಗಲ್ಲ ಕಣ್ರೀ, ಟೈಯರ್ಡ್ ಆಗೋದಷ್ಟೇ. ಉಳಿಸಬೇಕಾಗಿರೋದು ನಿಲ್ಲೋ ಹೊತ್ತನ್ನ.

2. ಅರಮನೆ ಮುಂದೆ ಫ್ಲ್ಯಾಗ್ ಆಫ್ ಬೇಡ

ಫೋಟೋ ಚೆನ್ನಾಗಿ ಬರುತ್ತೆ, ಒಪ್ಪೋಣ. ಆದ್ರೆ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕ್ ಬಿಡ್ತಿಲ್ಲ, ಸರ್ವೀಸ್ ರೋಡಲ್ಲಿ ಮಂಡ್ಯ, ಮದ್ದೂರು, ಚನ್ನಪಟ್ಟಣ ಅಂತ ತೆವಳಿಕೊಂಡು ಹೋಗೋಷ್ಟರಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿರಬೇಕೋ ಅಲ್ಲಿರಲ್ಲ. ನಾಗಮಂಗಲ, ಚಿಕ್ಕನಾಯಕನಹಳ್ಳಿ ಮೇಲೆ ಹಿರಿಯೂರಿಗೆ ಹೋಗೋ ಎನ್‌ಎಚ್ 150ಎ ಸುಮ್ನೆ ರೈಡ್ ಹೋಗೋಕೆ ಸೊಗಸಾದ ರೋಡು, ಇದಕ್ಕೆ ಮಾತ್ರ ಆಗಿಬರಲ್ಲ. 24 ಗಂಟೆಯ ಗಡಿಯಾರ ಶುರುವಾಗೋದು ಮೊದಲನೇ ಪೆಟ್ರೋಲ್ ಬಿಲ್ಲಿನಿಂದ, ಮನೆ ಬಾಗಿಲಿಂದ ಅಲ್ಲ. ಹಿಂದಿನ ದಿನ ಮಧ್ಯಾಹ್ನವೇ ನೆಲಮಂಗಲಕ್ಕೆ ಹೋಗಿ ರೂಮ್ ಮಾಡಿ, ರಾತ್ರಿ ಎಂಟಕ್ಕೆ ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ. ಅಲ್ಲಿಂದ ಎನ್‌ಎಚ್ 48 ಹಿಡಿದ್ರೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ, ಪುಣೆ, ಸುಮಾರು 800 ಕಿಲೋಮೀಟರ್. ಅದೇ ದಾರೀಲಿ ವಾಪಸ್.

ಒಟ್ಟು 1,650 ಬರೋ ಹಾಗೆ ಮ್ಯಾಪಲ್ಲಿ ಅಳೆದು, ತಿರುಗೋ ಜಾಗವನ್ನ ಪುಣೆ ಬೈಪಾಸ್ ದಾಟಿ ದೇಹು ರೋಡ್ ಆಚೆ ಇಟ್ಕೊಳ್ಳಿ. ಓಡೋಮೀಟರನ್ನ ನಂಬಿ 1,615ಕ್ಕೆ ನಿಲ್ಲಿಸಬೇಡಿ, ಎಷ್ಟೋ ಬೈಕಲ್ಲಿ ಅದು ಓಡಿದ್ದಕ್ಕಿಂತ ಜಾಸ್ತೀನೇ ತೋರಿಸುತ್ತೆ, ಸರ್ಟಿಫಿಕೇಟ್ ಕೊಡೋರು ಲೆಕ್ಕ ಹಾಕೋದು ಮ್ಯಾಪಿನ ದೂರ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇಗೂ ಬೈಕ್ ಬಿಡಲ್ಲ, ಗೊತ್ತಿಲ್ದೆ ನುಗ್ಗಬೇಡಿ. ಪುಣೆಯ ನವಲೆ ಬ್ರಿಜ್ ಹತ್ರ ಇಳಿಜಾರಲ್ಲಿ ಲಾರಿಗಳ ಮುಂದೆ ಹೋಗಿ ಆಟ ಆಡಬೇಡಿ.

3. ಬಿಲ್ಲು

ಎಲ್ಲರೂ ಮುಗ್ಗರಿಸೋದು ಇಲ್ಲೇ. ಕಾರಲ್ಲಿ ಹೋದ್ರೆ ಟೋಲ್ ಟೋಲಲ್ಲೂ ಫಾಸ್ಟ್ಯಾಗ್ ಕಟ್ಟಾಗಿ ತಾನೇ ದಾಖಲೆ ಬೀಳುತ್ತೆ, ಬೈಕಿಗೆ ಹೈವೇಲಿ ಟೋಲೇ ಇಲ್ಲ, ಹಂಗಾಗಿ ನೀವು ಎಲ್ಲಿದ್ರಿ ಅನ್ನೋದಕ್ಕೆ ಮುಖ್ಯ ಸಾಕ್ಷಿ ಪೆಟ್ರೋಲ್ ಬಂಕಿನ ಬಿಲ್ಲು. ಜಿಪಿಎಸ್ ಟ್ರ್ಯಾಕ್ ಇಟ್ಕೊಳ್ಳಿ, ಒಳ್ಳೇದೇ, ಆದ್ರೆ ಅದನ್ನೇ ನೆಚ್ಕೊಂಡು ಬಿಲ್ ಬಿಡಬೇಡಿ.

ಬಿಲ್ಲಲ್ಲಿ ದಿನಾಂಕ, ಟೈಮು, ಊರು ಮೂರೂ ಇರಬೇಕು. ಬಂಕ್ ಹುಡುಗನಿಗೆ ಪೆಟ್ರೋಲ್ ಹಾಕೋಕ್ ಮುಂಚೇನೇ "ಪ್ರಿಂಟ್ ಬಿಲ್ ಬರುತ್ತೇನಪ್ಪಾ?" ಅಂತ ಕೇಳಿ. ಹಾಕಿದ್ಮೇಲೆ ಕೇಳಿದ್ರೆ "ರೋಲ್ ಖಾಲಿ ಸಾರ್, ಬರ್ಕೊಡ್ಲಾ?" ಅಂತಾನೆ, ಆ ಬರೆದ ಚೀಟಿ ಇಟ್ಕೊಂಡು ಏನ್ ಮಾಡ್ತೀರ. ಬಿಲ್ ಕೈಗೆ ಬಂದ ತಕ್ಷಣ ಟೈಮ್ ನೋಡಿ. ಎಷ್ಟೋ ಮೆಷಿನ್ನಲ್ಲಿ ಗಡಿಯಾರ ಮುಂದೆ ಹಿಂದೆ ಇರುತ್ತೆ, ಕೆಲವಲ್ಲಿ ತಾರೀಖೇ ತಪ್ಪು, ಇನ್ನು ಕೆಲವಲ್ಲಿ 04:10 ಅಂತ ಇರುತ್ತೆ, ಬೆಳಗಿಂದೋ ಸಾಯಂಕಾಲದ್ದೋ ದೇವರಿಗೇ ಗೊತ್ತು. ಶುರು ಮಾಡೋ ಬಂಕಿಗೆ ಹಿಂದಿನ ಸಾಯಂಕಾಲ ಹೋಗಿ ಐವತ್ತು ರೂಪಾಯಿಗೆ ಹಾಕಿಸಿ ಬಿಲ್ ನೋಡ್ಕೊಂಡು ಬನ್ನಿ, ಬೆಳಗಿನ ಜಾವ ತೆಗೆದಿರುತ್ತಾ ಅಂತಾನೂ ಕೇಳಿ. ಮುಗಿಸೋದಕ್ಕೂ ಅದೇ ಬಂಕು. ದಾರೀಲಿ ಎಲ್ಲಾದ್ರೂ ತಪ್ಪು ಬಿಲ್ ಬಂದ್ರೆ ಜಗಳಕ್ಕೆ ನಿಲ್ಲಬೇಡಿ, ಪಕ್ಕದ ಬಂಕಲ್ಲಿ ಅರ್ಧ ಲೀಟರ್ ಹಾಕಿಸಿ ಸರಿ ಬಿಲ್ ತಗೊಳ್ಳಿ, ಇಲ್ಲಾಂದ್ರೆ ಎಟಿಎಮ್ಮಲ್ಲಿ ನೂರು ರೂಪಾಯಿ ತೆಗೆದು ಸ್ಲಿಪ್ ಇಟ್ಕೊಳ್ಳಿ. ಯುಪಿಐ ಮೆಸೇಜಲ್ಲಿ ಟೈಮ್ ಇರುತ್ತೆ, ಊರು ಇರಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ತಿರುಗೋ ಜಾಗದ ಬಿಲ್ಲು. ಸಾತಾರಾದಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಪುಣೆಗೆ ಹೋಗಿ, ಪೆಟ್ರೋಲ್ ಇದೆಯಲ್ಲಾ ಅಂತ ಹಂಗೇ ತಿರುಗಿಸ್ಕೊಂಡು ಬಂದ್ರಿ ಅನ್ಕೊಳ್ಳಿ. ಕಾಗದದ ಮೇಲೆ ನೀವು ಸಾತಾರಾದಿಂದ ಆಚೆ ಹೋಗೇ ಇಲ್ಲ. ಸಾತಾರಾದಿಂದ ಪುಣೆ ನೂರು ಕಿಲೋಮೀಟರಿಗೂ ಮೇಲೆ, ಹೋಗಿ ಬರೋದು ಸೇರಿ ಇನ್ನೂರಕ್ಕೂ ಜಾಸ್ತಿ ನಿಮ್ಮ ಲೆಕ್ಕದಿಂದ ಹಾರಿಹೋಯ್ತು. ಪರಿಶೀಲಿಸೋರು ನೋಡೋದು ಒಂದೇ, ಒಂದು ಬಿಲ್ಲಿಂದ ಇನ್ನೊಂದು ಬಿಲ್ಲಿಗೆ ಅತಿ ಹತ್ತಿರದ ದಾರಿ ಎಷ್ಟು ಅಂತ. ಸುತ್ತಿ ಬಳಸಿ ಹೋಗೋ ರೂಟಾದ್ರೆ ಪ್ರತಿ ಮೂಲೇಲೂ ಒಂದೊಂದು ಬಿಲ್ ಬೇಕು. ಟ್ಯಾಂಕ್ ತುಂಬಿದ್ರೂ ಪರವಾಗಿಲ್ಲ, ಹಿಡಿಸಿದಷ್ಟು ಹಾಕಿಸಿ.

ಆಮೇಲೆ ಆ ಬಿಲ್ಲನ್ನ ಇಡೋ ರೀತಿ. ಅದು ಥರ್ಮಲ್ ಪೇಪರ್, ಶಾಖಕ್ಕೆ ಕಪ್ಪಾಗುತ್ತೆ. ಟ್ಯಾಂಕ್ ಬ್ಯಾಗಿನ ಮೇಲಿನ ಪ್ಲಾಸ್ಟಿಕ್ ಜೇಬಲ್ಲಿ ಮಧ್ಯಾಹ್ನದ ಬಿಸಿಲಿಗೆ ಇಟ್ರೆ ಕೊಲ್ಹಾಪುರ ಬರೋಷ್ಟರಲ್ಲಿ ಸುಟ್ಟ ಹಪ್ಪಳದ ಥರ ಆಗಿರುತ್ತೆ, ಒಂದಕ್ಷರ ಕಾಣಲ್ಲ. ಜಾಕೆಟ್ ಒಳಜೇಬೂ ಬೇಡ, ಬೆವರು. ಜಿಪ್ ಇರೋ ಕವರಲ್ಲಿ ಹಾಕಿ ಹಿಂದಿನ ಬ್ಯಾಗಲ್ಲಿಡಿ. ಅದಕ್ಕೂ ಮುಂಚೆ ಬಿಲ್ಲನ್ನ ಮೀಟರ್ ಪಕ್ಕ ಹಿಡ್ಕೊಂಡು, ಓಡೋಮೀಟರ್ ಅಂಕಿ ಕಾಣೋ ಹಾಗೆ ಒಂದೇ ಫೋಟೋ ತೆಗೀರಿ. ಚಿಕ್ಕ ನೋಟ್‌ಬುಕ್ಕಲ್ಲಿ ಟೈಮು, ಊರು, ಕಿಲೋಮೀಟರು, ಲೀಟರು, ನಾಲ್ಕೇ ಕಾಲಂ, ಅಲ್ಲೇ ನಿಂತು ಬರೀರಿ. ರಾತ್ರಿ ಹನ್ನೆರಡರ ಮೇಲೆ ನೆನಪು ಅನ್ನೋದು ಕೆಲಸ ಮಾಡಲ್ಲ. ಹೊರಡೋ ಮುಂಚೆ ಐರನ್ ಬಟ್‌ನವರ ವೆಬ್‌ಸೈಟಲ್ಲಿ ನಿಯಮಾನೂ ಒಂದ್ಸಲ ಪೂರ್ತಿ ಓದಿ.

4. ಬೈಕು

ಸರ್ವೀಸು, ಟೈರು, ಚೈನು, ಬ್ರೇಕು. ಸರ್ವೀಸ್ ಆದ್ಮೇಲೆ ಒಂದ್ಸಲ ಊಟಿಗೋ ಮಡಿಕೇರಿಗೋ ಹೋಗಿ ಬಂದು ನೋಡಿ, ಅಷ್ಟೇ. ಆನ್‌ಲೈನಲ್ಲಿ ಸಿಗೋ ಅಗ್ಗದ ಜೆಲ್ ಸೀಟ್ ಕವರ್ ತಗೋಬೇಡಿ, ಬಿಸಿಲಿಗೆ ಕಾದು ಕಾವಲಿ ಆಗುತ್ತೆ. ಕಣ್ಣು ಕುಕ್ಕೋ ನೀಲಿ ಎಲ್‌ಇಡಿ ಲೈಟು ಹಾಕಿಸ್ಕೊಂಡ್ರೆ ಮಂಜಲ್ಲಿ ನಿಮಗೂ ಏನೂ ಕಾಣಲ್ಲ, ಎದುರಿಗೆ ಬರೋನಿಗೂ ಕಾಣಲ್ಲ.

5. ಮೈ

ಕಾಟನ್ ಒಳಚಡ್ಡಿ ಬೇಡ, ಬೆವರು ಹೀರಿ ಹೊಲಿಗೆ ಉಜ್ಜಿ ದಾವಣಗೆರೆಗೇ ಚರ್ಮ ಕಿತ್ತು ಬರುತ್ತೆ. ಹೊಲಿಗೆ ಕಮ್ಮಿ ಇರೋ ಸ್ಪೋರ್ಟ್ಸ್ ಬಟ್ಟೆ ಹಾಕಿ. ಮೆಡಿಕಲ್ ಶಾಪಲ್ಲಿ ಸಿಗೋ ಫೋಮ್ ಇಯರ್‌ಪ್ಲಗ್ ತಗೊಳ್ಳಿ, ಗಾಳಿ ಸದ್ದು ದಣಿಸೋಷ್ಟು ಸೀಟೂ ದಣಿಸಲ್ಲ. ವೈಸರ್ ಕ್ಲಿಯರ್ ಇರ್ಲಿ. ಮುದ್ದೆ, ನಾಟಿಕೋಳಿ ಸಾರು, ಬಿರಿಯಾನಿ ಎಲ್ಲಾ ಮುಗಿಸಿ ಬಂದ್ಮೇಲೆ. ದಾರೀಲಿ ಬಾಳೆಹಣ್ಣು, ಕಡ್ಲೆಮಿಠಾಯಿ, ಡಬ್ಬೀಲಿ ಮೊಸರನ್ನ, ನೀರಿಗೆ ಓಆರ್‌ಎಸ್. ಬಂಕಲ್ಲಿ ನಿಂತೇ ತಿನ್ನಿ. ಕಾಫಿ ಹಗಲೆಲ್ಲಾ ಕುಡಿದು ಹಾಳು ಮಾಡ್ಕೋಬೇಡಿ, ರಾತ್ರಿ ಹನ್ನೊಂದರವರೆಗೆ ಮುಟ್ಟದೇ ಇದ್ರೆ ಆಗ ಅದು ಔಷಧಿ. ಎನರ್ಜಿ ಡ್ರಿಂಕ್ ಅಂತೂ ಬೇಡವೇ ಬೇಡ.

6. ರಾತ್ರಿ

ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ, ಮಳೆ ಕಾಟ ಇರಲ್ಲ, ಚಿತ್ರದುರ್ಗದ ಅಡ್ಡಗಾಳೀನೂ ಕಮ್ಮಿ. ಆದ್ರೆ ಅದೇ ಕಬ್ಬಿನ ಸೀಸನ್. ಮಂಡ್ಯದೋರಿಗೆ ಹೇಳಿಕೊಡಬೇಕಾಗಿಲ್ಲ, ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಎರಡೆರಡು ಟ್ರೈಲರ್ ಕಬ್ಬಿನ ಟ್ರ್ಯಾಕ್ಟರು ಕೊಲ್ಹಾಪುರ, ಬೆಳಗಾವಿ ಕಡೇನೂ ಕತ್ತಲಾದ ಮೇಲೆ ಹಂಗೇ ಸಿಗುತ್ವೆ, ಹತ್ರ ಹೋಗೋವರೆಗೂ ರೋಡೇ ಅನ್ಕೊಂಡಿರ್ತೀರ. ಅಲ್ಲಿ ಎಡ ಪಥ ಬಿಟ್ಟುಬಿಡಿ, ಸ್ಪೀಡ್ ಅರವತ್ತಕ್ಕೆ ಇಳಿಸಿ.

ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಮೈ ತಾನಾಗೇ ನಿದ್ದೆಗೆ ಜಾರುತ್ತೆ, ನೀವೆಷ್ಟೇ ಗಟ್ಟಿ ಆಳಾದ್ರೂ. ಹೋಗಿ ಬರೋ ರೂಟ್ ಇಟ್ಕೊಳ್ಳಿ ಅಂದಿದ್ದೇ ಅದಕ್ಕೆ, ಆ ಹೊತ್ತಲ್ಲಿ ಹಿರಿಯೂರು–ತುಮಕೂರು ನೋಡಿದ ರೋಡಾಗಿರುತ್ತೆ. ಆಗಲೇ ದಾಟಿದ ಊರಿನ ಬೋರ್ಡು ನೆನಪಿಗೆ ಬರ್ತಿಲ್ಲ ಅಂದ್ರೆ, ಸುಮ್ಸುಮ್ನೆ ಗೇರ್ ಬದಲಾಯಿಸ್ತಿದೀರ ಅಂದ್ರೆ ಅಲ್ಲೇ ಬೈಕನ್ನ ಬಂಕಿಗೆ ಹಾಕಿ. ಒಂದು ಲೋಟ ಕಾಫಿ ಕುಡಿದು ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಕಟ್ಟೆ ಮೇಲೆ ಮಲಗಿ, ಹೆಲ್ಮೆಟ್ಟೇ ದಿಂಬು. ಎದ್ದ ಮೇಲೂ ಕಣ್ಣು ಎಳೀತಿದ್ರೆ ರೈಡ್ ಅಲ್ಲಿಗೆ ಮುಗೀತು, ಮಲಗಿಬಿಡಿ, ಮುಂದಿನ ತಿಂಗಳು ಮತ್ತೆ ಹೋಗಿ. ಜೊತೆಗೆ ಬಂದೋನು "ಇನ್ನೇನ್ ಎಂಬತ್ತೇ ಕಿಲೋಮೀಟ್ರು ಬಾ ಮಗಾ" ಅಂದ್ರೆ ಅವನನ್ನ ಮುಂದೆ ಕಳಿಸಿ.

7. ಮುಗಿದ ಮೇಲೆ

ಕೊನೇ ಬಿಲ್ಲು, ಓಡೋಮೀಟರ್ ಫೋಟೋ, ಆಮೇಲೆ ರೂಮಿಗೆ ಹೋಗಿ ಮಲಗಿ. ಎರಡು ದಿನಕ್ಕೆ ರೂಮ್ ಬುಕ್ ಮಾಡಿರಿ ಅಂತ ಮೊದಲೇ ಹೇಳ್ಬೇಕಿತ್ತು. ಜೋಶಲ್ಲಿ ಹಂಗೇ ಮೈಸೂರಿಗೆ ಹೊರಡಬೇಡಿ, ಮೂರು ಗಂಟೆ ಸರ್ವೀಸ್ ರೋಡು ಇನ್ನೂ ಬಾಕಿ ಇದೆ. ಬಿಲ್ಲೆಲ್ಲಾ ಸ್ಕ್ಯಾನ್ ಮಾಡಿ ಅದೇ ವಾರ ಕಳಿಸಿ, ಒರಿಜಿನಲ್ ಮಾತ್ರ ಸರ್ಟಿಫಿಕೇಟ್ ಬರೋವರೆಗೂ ಎಸೀಬೇಡಿ.